ಕಲಾಯಿ ಹೋದ ಪಾತ್ರೆ ಮತ್ತೆ ಒಲೆ ಏರುವ ಮುನ್ನ

ಕೊಟ್ಟೂರು, ಹರಪನಹಳ್ಳಿ, ಹಡಗಲಿ ಕಡೆಯ ಹಳೇ ಮನೆಗಳ ಅಟ್ಟದ ಮೇಲೆ ಹಿತ್ತಾಳೆ ಕೊಪ್ಪರಿಗೆ, ಗುಂಡಿ, ಬೋಗಾಣಿಗಳು ಇನ್ನೂ ಬೋರಲು ಬಿದ್ದಿವೆ. ಮನೆ ಪಾಲಾದಾಗ, ಮದುವೆಗೆ ಅಣಿಯಾಗುವಾಗ, ಇಲ್ಲವೇ ಓಣಿಯವರೆಲ್ಲ ಸೇರಿ ಪಾದಯಾತ್ರಿಗಳಿಗೆ ದಾಸೋಹ ಮಾಡೋಣ ಎಂದು ನಿಂತಾಗ ಅವು ಕೆಳಗಿಳಿಯುತ್ತವೆ. ಗುಜರಿಯಲ್ಲಿ ತೂಕಕ್ಕೆ ಸಿಕ್ಕಿತೆಂದು ಹಳೇ ಪಾತ್ರೆ ಕೊಂಡು ತರುವವರೂ ಇದ್ದಾರೆ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಹೊರಮೈ ಅರ್ಧ ತಾಸಿನಲ್ಲಿ ಬೆಳಗುತ್ತದೆ. ನೋಡಬೇಕಾದ್ದು ಒಳಮೈ. ಅಲ್ಲಿ ಬೂದುಬಣ್ಣದ ನಡುವೆ ಹಳದಿ, ಕೆಂಪು ಮಚ್ಚೆ ಕಾಣುತ್ತಿದ್ದರೆ ಕಲಾಯಿ, ಅಂದರೆ ಒಳಗಿನ ತವರದ ಲೇಪ, ಹೋಗಿದೆ. ಅಂಥ ಪಾತ್ರೆಯನ್ನು ಎಷ್ಟು ಬೆಳಗಿದರೂ ಅಡುಗೆಗೆ ಬರುವುದಿಲ್ಲ, ಹೊಸದಾಗಿ ಕಲಾಯಿ ಆಗಲೇಬೇಕು. ಆ ಕೆಲಸ ಹೇಗೆ ನಡೆಯುತ್ತದೆ, ಸರಿಯಾಗಿ ಆಗಿದೆಯೆಂದು ತಿಳಿಯುವುದು ಹೇಗೆ, ಆಮೇಲೆ ಕಾಯ್ದುಕೊಳ್ಳುವುದು ಹೇಗೆ ಎಂಬುದು ಗೊತ್ತಿದ್ದರೆ ಹಳೇ ಪಾತ್ರೆಗೆ ಇನ್ನೂ ಒಂದೆರಡು ತಲೆಮಾರಿನ ಆಯುಸ್ಸಿದೆ.

ಮೊದಲು, ಸ್ಟೀಲು ಇರುವಾಗ ಈ ಉಸಾಬರಿ ಯಾಕೆ ಎಂಬ ಪ್ರಶ್ನೆ. ಕಾರಣ ಶಾಖ. ತಾಮ್ರವು ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಹರಡುತ್ತದೆ. ಹಿತ್ತಾಳೆ ತಾಮ್ರದಷ್ಟಲ್ಲದಿದ್ದರೂ ಸ್ಟೀಲಿಗಿಂತ ಆರೇಳು ಪಟ್ಟು ಮೇಲು. ಮನೆಯ ನಾಲ್ಕು ಮಂದಿಯ ಸಾರಿಗೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಆಗದು. ಐವತ್ತು ಸೇರು ಅನ್ನ, ಒಂದು ಕೊಪ್ಪರಿಗೆ ಗೋಧಿ ಹುಗ್ಗಿ ಮಾಡುವವರಿಗೆ ಮಾತ್ರ ಇದೇ ಮುಖ್ಯ. ತೆಳು ಸ್ಟೀಲಿನ ತಳದಲ್ಲಿ ಉರಿ ಬಿದ್ದ ಜಾಗವೊಂದೇ ಕಾದು ಅಲ್ಲೇ ಹುಗ್ಗಿ ತಳ ಹತ್ತುತ್ತದೆ. ದಪ್ಪ ಹಿತ್ತಾಳೆಯಲ್ಲಿ ಅದೇ ಉರಿ ಇಡೀ ತಳಕ್ಕೆ, ಅಲ್ಲಿಂದ ಪಕ್ಕದ ಗೋಡೆಗೆ ಹಬ್ಬುತ್ತದೆ. ಜಾತ್ರೆಯ ಅಡುಗೆಯವರು ಇವತ್ತಿಗೂ ಹಿತ್ತಾಳೆ ಕೊಪ್ಪರಿಗೆ ಕೇಳುತ್ತಾರೆಂದರೆ ಅದು ಹಳೇ ಅಭ್ಯಾಸದ ಮೋಹದಿಂದಲ್ಲ.

ಆದರೆ ತಾಮ್ರ ಹುಳಿಗೆ ತಡೆಯುವ ಲೋಹವಲ್ಲ. ಹಿತ್ತಾಳೆಯೆಂದರೆ ತಾಮ್ರಕ್ಕೆ ಸತು ಸೇರಿಸಿದ್ದು. ಅದರಲ್ಲೂ ಹೆಚ್ಚಿನ ಪಾಲು ತಾಮ್ರವೇ. ಹುಣಸೆಹಣ್ಣು, ನಿಂಬೆ, ಟೊಮೆಟೊ, ಮಜ್ಜಿಗೆ ಇವುಗಳ ಆಮ್ಲ ಲೋಹವನ್ನು ಕರಗಿಸಿ ಪದಾರ್ಥದೊಳಗೆ ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ಊಟವೋ ಹುಳಿಯ ಊಟ. ಪುಂಡಿಪಲ್ಯ, ಹುಣಸೆ ಗೊಜ್ಜು, ಮಜ್ಜಿಗೆ ಸಾರು, ಚಿತ್ರಾನ್ನ, ಹುಳಿ ಬೆರೆಸಿದ ಒಗ್ಗರಣೆ ಮಂಡಕ್ಕಿ ಎಲ್ಲಕ್ಕೂ ಹುಳಿ ಬೇಕು. ಕಲಾಯಿಯಿಲ್ಲದ ಪಾತ್ರೆಯಲ್ಲಿ ಇವನ್ನು ಮಾಡಿಟ್ಟರೆ ಮೊದಲು ಬಾಯಿಗೆ ಒಗರು, ಆಮೇಲೆ ಹೊಟ್ಟೆ ತೊಳಸು, ವಾಂತಿ. ಪಾತ್ರೆಯ ಅಂಚಿಗೆ, ಕಿವಿಯ ಸಂದಿಗೆ ಕಟ್ಟುವ ಹಸಿರು ಕಿಲುಬು ಇದೇ ತಾಮ್ರದ ಲವಣ. ಹಳೇ ಎರಕದ ಹಿತ್ತಾಳೆಯಲ್ಲಿ ಅಷ್ಟಿಷ್ಟು ಸೀಸ ಸೇರಿರುವುದೂ ಉಂಟು, ಹುಳಿಗೆ ಅದೂ ಬಿಡುತ್ತದೆ.

ಕಾನೂನೂ ಇದನ್ನು ಸ್ಪಷ್ಟವಾಗಿ ಹೇಳಿದೆ. ಆಹಾರ ಸುರಕ್ಷತೆಯ 2011ರ ನಿಯಮಾವಳಿ ಮೂರು ಬಗೆಯ ಪಾತ್ರೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿತು. ತುಕ್ಕು ಹಿಡಿದದ್ದು, ಪಿಂಗಾಣಿ ಲೇಪ ಎದ್ದು ತುಕ್ಕು ಹಿಡಿದದ್ದು, ಸರಿಯಾಗಿ ಕಲಾಯಿಯಾಗದ ತಾಮ್ರ ಅಥವಾ ಹಿತ್ತಾಳೆ. ಇವುಗಳಲ್ಲಿ ಮಾಡಿದ, ಇಟ್ಟ ಆಹಾರವನ್ನು ತಿನ್ನಲು ಯೋಗ್ಯವಲ್ಲವೆಂದೇ ಅದು ಪರಿಗಣಿಸಿತು. ಖಾನಾವಳಿಯವರು, ಮಿರ್ಚಿ ಮಂಡಕ್ಕಿ ಅಂಗಡಿಯವರು, ಮದುವೆಗೆ ಪಾತ್ರೆ ಬಾಡಿಗೆ ಕೊಡುವವರು ಇದನ್ನು ನೆನಪಿಡಬೇಕು. ಹಿಂದಿನವರು ಇದನ್ನು ಕಾನೂನಿಲ್ಲದೆಯೇ ಅರಿತಿದ್ದರು. ಅಕ್ಬರನ ಅರಮನೆಯ ಅಡುಗೆಮನೆಯಲ್ಲಿ ಬಾದಶಹನ ಊಟದ ತಾಮ್ರದ ಪಾತ್ರೆಗಳಿಗೆ ತಿಂಗಳಿಗೆ ಎರಡು ಸಲ, ರಾಜಕುಮಾರರ ಪಾತ್ರೆಗಳಿಗೆ ತಿಂಗಳಿಗೊಮ್ಮೆ ಕಲಾಯಿ ಆಗುತ್ತಿತ್ತೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿಟ್ಟಿದ್ದಾನೆ.

ಹಾಗೆಂದು ಮನೆಯ ಎಲ್ಲ ಹಿತ್ತಾಳೆ ಸಾಮಾನಿಗೂ ಕಲಾಯಿ ಬೇಕಿಲ್ಲ. ಸ್ನಾನದ ನೀರು ಕಾಯಿಸುವ ಹಂಡೆಗೆ ಬೇಡ. ಪೂಜೆಯ ತಟ್ಟೆ, ದೀಪಕ್ಕೆ ಬೇಡ. ಬರೀ ಕುಡಿಯುವ ನೀರು ತುಂಬುವ ತಾಮ್ರದ ಕೊಡ, ತಂಬಿಗೆಗೂ ಬೇಡ, ದಿನಾ ತೊಳೆದು ನೀರು ಬದಲಿಸಿದರೆ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರು ನೀರಿನಲ್ಲಿ ತಾಮ್ರ 0.05 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಾಗ 1.5 ಮಿಲಿಗ್ರಾಂವರೆಗೆ ಸೈರಿಸಬಹುದು. ಹಾಗಾಗಿ ಅದೇ ಕೊಡದಲ್ಲಿ ವಾರಗಟ್ಟಲೆ ನೀರು ನಿಲ್ಲಿಸುವುದು, ಮಜ್ಜಿಗೆ, ಪಾನಕ ತುಂಬುವುದು ಸಲ್ಲ. ಕೂಡ್ಲಿಗಿ ಕಡೆ ಫ್ಲೋರೈಡಿನ ಕಾಟವಿರುವುದರಿಂದ ಇನ್ನೊಂದು ಮಾತು: ತಾಮ್ರದ ಕೊಡದಲ್ಲಿಟ್ಟರೆ ಫ್ಲೋರೈಡ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಹೋಗುವುದಿಲ್ಲ. ಕಂಚಿನ ಬಟ್ಟಲಿಗೂ ಕಲಾಯಿ ಹಾಕಿಸುವ ರೂಢಿಯಿಲ್ಲ. ಕಂಚಿನಲ್ಲಿ ತವರ ಮೊದಲೇ ಬೆರೆತಿದೆ, ಮೇಲಾಗಿ ಕಾಯಿಸಿ ನೀರಿಗಿಳಿಸಿದರೆ ಅದು ಸೀಳುವ ಭಯ. ಕಲಾಯಿ ಬೇಕಾದದ್ದು ಅಡುಗೆ ಬೇಯುವ, ಅಡುಗೆ ನಿಲ್ಲುವ ಪಾತ್ರೆಗೆ.

ಪಾತ್ರೆಯನ್ನು ಕಲಾಯಿಗೆ ಒಯ್ಯುವ ಮೊದಲು ಹಗಲಿನ ಬೆಳಕಿನಲ್ಲಿ ಅಂಗಳಕ್ಕೆ ತಂದು ನೋಡಿ. ಆಯಸ್ಕಾಂತ ಅಂಟಿದರೆ ಅದು ಹಿತ್ತಾಳೆ ಬಳಿದ ಕಬ್ಬಿಣ, ಅಲ್ಲಿಗೇ ಬಿಡಿ. ಬೆರಳ ಗೆಣ್ಣಿನಿಂದ ಬಡಿದರೆ ಗಟ್ಟಿ ಪಾತ್ರೆ ಝಣ್ಣೆನ್ನುತ್ತದೆ. ಒಡಕಿದ್ದರೆ ಸದ್ದು ಮಂಕಾಗಿ ಅಲ್ಲೇ ಸಾಯುತ್ತದೆ. ನೀರು ತುಂಬಿ ಒಂದು ರಾತ್ರಿ ಹಳೇ ಪೇಪರಿನ ಮೇಲಿಟ್ಟರೆ ಕಣ್ಣಿಗೆ ಕಾಣದ ಸೋರಿಕೆಯೂ ಬೆಳಿಗ್ಗೆ ಗೊತ್ತಾಗುತ್ತದೆ. ಕಿವಿಗಳ ಕೆಳಗಿನ ರಿವೆಟ್ಟು, ತಳದ ಬೆಸುಗೆ ನೋಡಿ. ಬೆಸುಗೆಯ ಜಾಗದಲ್ಲಿ ಮೆತ್ತಗಿನ, ಮಂಕಾದ ಬೂದು ಗೆರೆ ದಪ್ಪಗೆ ಕಂಡರೆ ಯಾರೋ ಎಂದೋ ತೂತಿಗೆ ಸೀಸದ ಬೆಸುಗೆ ಹಾಕಿದ್ದಾರೆ. ಉಗುರು ಊರಿದರೆ ಗುರುತು ಬೀಳುವಷ್ಟು ಮೆತ್ತಗಿದ್ದರೆ ಅನುಮಾನವೇ ಬೇಡ. ಅದರ ಮೇಲೆ ಕಲಾಯಿ ಹಾಕಿಸಿ ಮುಚ್ಚುವುದು ತಪ್ಪು. ಬೆಸುಗೆ ತೆಗೆಸಿ ಹಿತ್ತಾಳೆ ಬೆಸುಗೆ ಹಾಕಿಸಬೇಕು, ಇಲ್ಲವಾದರೆ ಆ ಪಾತ್ರೆ ಸ್ನಾನದ ನೀರು ಕಾಯಿಸುವುದಕ್ಕೇ ಇರಲಿ.

ಒಳಮೈ ಮಂಕಾಗಿ ಬೂದು ಅಥವಾ ಕಪ್ಪಗಿದ್ದ ಮಾತ್ರಕ್ಕೆ ಕಲಾಯಿ ಹೋಗಿದೆ ಎನ್ನಲಾಗದು. ತವರ ಗಾಳಿಗೆ, ಅಡುಗೆಗೆ ಸಿಕ್ಕು ಬೇಗ ಮಂಕಾಗುತ್ತದೆ. ಆ ಮಂಕು ಹಾನಿಯಿಲ್ಲದ್ದು, ಅದನ್ನು ತಿಕ್ಕಿ ತೆಗೆಯಲು ಹೋಗುವವರೇ ಕಲಾಯಿ ಕಳೆದುಕೊಳ್ಳುತ್ತಾರೆ. ಕೆಳಗಿನ ಲೋಹದ ಬಣ್ಣ, ಅಂದರೆ ತಾಮ್ರದ ಕೆಂಪು ಅಥವಾ ಹಿತ್ತಾಳೆಯ ಹಳದಿ ಕಾಣಿಸಬೇಕು, ಅದೇ ಗುರುತು. ಸವಟು ತಾಕಿದ ಒಂದೆರಡು ಗೀರು ಕಂಡರೆ ಬೇಳೆ, ಅಕ್ಕಿ ಬೇಯಿಸಲು ಅಡ್ಡಿಯಿಲ್ಲ, ಹುಳಿ ಬೇಡ. ಹಳದಿ ಭಾಗ ರೂಪಾಯಿ ನಾಣ್ಯಕ್ಕಿಂತ ಅಗಲವಾದರೆ ಕಲಾಯಿಗೆ ಕೊಡುವ ಕಾಲ ಬಂತು. ಹಸಿರು ಕಂಡರೆ ಅವತ್ತೇ ಅಡುಗೆ ನಿಲ್ಲಿಸಬೇಕು. ಯಾರು, ಯಾವ ಲೋಹದಿಂದ ಕಲಾಯಿ ಹಾಕಿದ್ದರೆಂದು ಗೊತ್ತಿಲ್ಲದ ಗುಜರಿಯ ಪಾತ್ರೆಯಾದರೆ ಹಳೇ ಪದರ ಎಷ್ಟೇ ಚೆನ್ನಾಗಿ ಕಂಡರೂ ತೆಗೆಸಿ ಹೊಸದು ಹಾಕಿಸುವುದೇ ಲೇಸು. ಕಾರಣವನ್ನು ಮುಂದೆ ಹೇಳುತ್ತೇನೆ.

ಕೊಳವೆಬಾವಿಯ ಗಡಸು ನೀರು ಬಳಸುವ ಊರುಗಳಲ್ಲಿ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟಿರುತ್ತದೆ. ಅದು ಸುಣ್ಣ. ಅದರ ಮೇಲೆ ತವರ ಹಿಡಿಯುವುದಿಲ್ಲ. ಹುಣಸೆ ನೀರು ಅಥವಾ ನಿಂಬೆ ಉಪ್ಪು ಕರಗಿಸಿದ ಬಿಸಿನೀರು ತುಂಬಿ ಕೆಲವು ತಾಸು ಬಿಟ್ಟರೆ ಪೊರೆ ಬುರುಬುರು ಎದ್ದು ಕಳಚುತ್ತದೆ. ಕಲಾಯಿಗೆ ಹೋಗುವ ಪಾತ್ರೆಯಾದ್ದರಿಂದ ಹುಳಿ ತಾಕಿದರೂ ಈಗ ಚಿಂತೆಯಿಲ್ಲ. ಇದನ್ನು ಮನೆಯಲ್ಲೇ ಮಾಡಿಕೊಂಡು ಹೋದರೆ ಕಲಾಯಿಯವರ ಅರ್ಧ ಶ್ರಮ ಉಳಿಯುತ್ತದೆ, ಕೆಲಸವೂ ಗಟ್ಟಿಯಾಗುತ್ತದೆ.

ಇನ್ನು ಕೆಲಸ. ನೋಡುವವರ ಕಣ್ಣಿಗೆ ಬೀಳುವುದು ಕೊನೆಯ ಎರಡು ನಿಮಿಷ, ಕಪ್ಪು ಪಾತ್ರೆ ಬೆಳ್ಳಗಾಗುವ ಗಳಿಗೆ. ನಿಜವಾದ ಕೆಲಸ ಅದಕ್ಕೆ ಮೊದಲೇ ಮುಗಿದಿರುತ್ತದೆ, ಅದು ತೊಳೆಯುವುದು. ಕಾದ ತವರ ಶುದ್ಧ ಲೋಹಕ್ಕೆ ಮಾತ್ರ ಅಂಟುತ್ತದೆ. ಜಿಡ್ಡು, ಮಸಿ, ಸುಣ್ಣ, ಕಿಲುಬು ಯಾವುದಿದ್ದರೂ ಅಲ್ಲಿ ಹನಿಹನಿಯಾಗಿ ಉರುಳಿಹೋಗುತ್ತದೆ. ಮೊದಲು ಪಾತ್ರೆಯನ್ನು ಕಾಯಿಸಿ ಜಿಡ್ಡು ಸುಡುತ್ತಾರೆ ಅಥವಾ ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆಯುತ್ತಾರೆ. ಆಮೇಲೆ ಮರಳು, ಇಟ್ಟಿಗೆ ಪುಡಿ ಹಾಕಿ ತಿಕ್ಕುವುದು. ದೊಡ್ಡ ಕೊಪ್ಪರಿಗೆಯಾದರೆ ಕೈಯಿಂದಾಗದು. ಒಳಗೆ ಮರಳು, ಚಿಂದಿ ಹಾಕಿ ಅದರ ಮೇಲೆ ಬರಿಗಾಲಲ್ಲಿ ನಿಂತು, ಗೋಡೆಯನ್ನೋ ಗೂಟವನ್ನೋ ಹಿಡಿದು, ಸೊಂಟ ತಿರುಗಿಸುತ್ತ ಕಾಲಿನಿಂದಲೇ ಉಜ್ಜುವುದು ಹಳೇ ರೂಢಿ. ಮೈಭಾರವೆಲ್ಲ ಮರಳಿಗೆ ಬೀಳುವುದರಿಂದ ಕೈಗಿಂತ ಅದು ಚೆನ್ನಾಗಿ ಕೊರೆಯುತ್ತದೆ. ಕೊನೆಗೆ ನೀರು ಬೆರೆಸಿದ ಆಸಿಡ್ ಸವರಿ, ಕಿಲುಬು ಕರಗಿಸಿ, ಚೆನ್ನಾಗಿ ತೊಳೆದು ಒಣಗಿಸುತ್ತಾರೆ. ಈ ಹಂತದಲ್ಲಿ ಒಳಮೈ ಮೂಲೆಮೂಲೆಯಲ್ಲೂ ಒಂದೇ ಬಣ್ಣದ ಹಸಿ ಲೋಹವಾಗಿರಬೇಕು. ಕಿವಿಯ ರಿವೆಟ್ಟಿನ ತಲೆ, ಅಂಚಿನ ಮಡಿಕೆ, ತಳದ ಸುತ್ತಿನ ಮೂಲೆ ಈ ಮೂರು ಕಡೆ ಕೊಳೆ ಉಳಿಯುತ್ತದೆ. ನಿಮ್ಮ ಪಾತ್ರೆಯ ಕೆಲಸ ನೋಡುತ್ತ ನಿಂತಿದ್ದರೆ ಇದೇ ಹೊತ್ತಿಗೆ ಇಣುಕಿ ನೋಡಿ, ಸರಿಯಿಲ್ಲದಿದ್ದರೆ ಈಗಲೇ ಹೇಳಿ.

ಆಮೇಲೆ ಬೆಂಕಿ. ನೆಲದಲ್ಲಿ ಸಣ್ಣ ಕುಳಿ, ಅದರಲ್ಲಿ ಇದ್ದಿಲು, ಪಕ್ಕದಿಂದ ಗಾಳಿ. ಮೊದಲು ತೊಗಲಿನ ತಿದಿ ಇತ್ತು, ಈಗ ಕೈಯಲ್ಲಿ ತಿರುಗಿಸುವ ಬ್ಲೋವರ್ ಅಥವಾ ಕರೆಂಟಿನದು. ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತ ಎಲ್ಲ ಕಡೆ ಸಮನಾಗಿ ಕಾಯಿಸುತ್ತಾರೆ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಿತ್ತಾಳೆ ಕರಗಲು 900 ಡಿಗ್ರಿಗೂ ಮೇಲೆ ಬೇಕು. ಹಾಗಾಗಿ ಪಾತ್ರೆಗೆ ಏನೂ ಆಗದೆ ತವರ ನೀರಾಗುತ್ತದೆ. ಕಲಾಯಿಯವರ ಬಳಿ ಉಷ್ಣಮಾಪಕವಿಲ್ಲ. ತವರದ ಕಡ್ಡಿಯ ತುದಿಯನ್ನು ಕಾದ ಮೈಗೆ ಮುಟ್ಟಿಸುತ್ತಾರೆ. ಅದು ಜಾರಿ ಹೊಳೆಯುವ ಗೆರೆ ಬಿಟ್ಟರೆ ಕಾವು ಬಂತು. ಮುದ್ದೆಯಾಗಿ ನಿಂತರೆ ಸಾಲದು. ಹಿಡಿದ ತವರ ಹಳದಿ ತಿರುಗಿದರೆ ಕಾವು ಮೀರಿತು, ಆ ಜಾಗವನ್ನು ಮತ್ತೆ ಮಾಡಬೇಕು.

ಕಾವು ಬಂದ ಕೂಡಲೇ ನವಸಾಗರದ ಪುಡಿ ಎರಚುತ್ತಾರೆ. ಭುಸ್ಸೆಂದು ಬಿಳಿ ಹೊಗೆ ಏಳುತ್ತದೆ, ಮೂಗಿಗೆ ಘಾಟು. ಇದು ಅಮೋನಿಯಂ ಕ್ಲೋರೈಡ್. ಕಾವಿಗೆ ಅದು ಅಮೋನಿಯ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಒಡೆಯುತ್ತದೆ. ತೊಳೆದ ತಾಮ್ರವೂ ಬೆಂಕಿಯ ಮೇಲೆ ಕ್ಷಣದಲ್ಲಿ ಗಾಳಿಯ ಆಮ್ಲಜನಕ ಹೀರಿ ತೆಳ್ಳಗೆ ಕಪ್ಪಾಗುತ್ತದೆಯಲ್ಲ, ಆ ಕಪ್ಪನ್ನು ಈ ಆವಿ ತಿಂದು ತವರ ಬೀಳುವ ಹೊತ್ತಿಗೆ ಹಸಿ ಲೋಹವನ್ನು ತೆರೆದಿಡುತ್ತದೆ. ಬೇರೆಯಾದ ಎರಡು ಆವಿಗಳು ಮೇಲೆ ತಣ್ಣಗಿನ ಗಾಳಿಯಲ್ಲಿ ಮತ್ತೆ ಕೂಡಿ ನವಸಾಗರದ ಸಣ್ಣ ಕಣಗಳೇ ಆಗುತ್ತವೆ, ನಮಗೆ ಕಾಣುವ ಬಿಳಿ ಹೊಗೆ ಅದು. ಈ ಪುಡಿಯಿಲ್ಲದೆ ಎಷ್ಟು ತವರ ಸುರಿದರೂ ಹಿಡಿಯದು.

ಹೊಗೆಯ ನಡುವೆಯೇ ಕಡ್ಡಿ ತಿಕ್ಕಿ, ಅರಳೆಯ ಉಂಡೆಯಿಂದ ಸರ್ರನೆ ಒರೆಸುತ್ತಾರೆ. ಅಂಚಿನಿಂದ ತಳಕ್ಕೆ, ತಳದಿಂದ ಅಂಚಿಗೆ, ಸುತ್ತಲೂ. ಅರಳೆ ಹೋದ ಕಡೆ ಕನ್ನಡಿಯ ಹೊಳಪು ಹಿಂದೆಯೇ ಬರುತ್ತದೆ. ಉಳಿದ ತವರವನ್ನು ಕೊಡವಿ, ಪಾತ್ರೆಯನ್ನು ನೀರಿಗಿಳಿಸುತ್ತಾರೆ. ಇಲ್ಲಿ ಬಣ್ಣ ಬಳಿದ ಹಾಗೆ ಮೇಲೊಂದು ಪದರ ಕುಳಿತದ್ದಷ್ಟೇ ಆಗಿರುವುದಿಲ್ಲ. ತವರ ಮತ್ತು ತಾಮ್ರ ಕೂಡುವ ಗಡಿಯಲ್ಲಿ ಎರಡೂ ಬೆರೆತ ತೆಳುವಾದ ಹೊಸ ಮಿಶ್ರಲೋಹ ಹುಟ್ಟುತ್ತದೆ. ಕಲಾಯಿ ಸಿಪ್ಪೆಯಾಗಿ ಏಳದೆ ಸವೆದೇ ಹೋಗಬೇಕಾದ್ದು ಈ ಬೆಸುಗೆಯಿಂದಾಗಿ. ಸಿಪ್ಪೆಯೇಳುತ್ತಿದ್ದರೆ ತೊಳೆಯುವಾಗಲೋ ಕಾಯಿಸುವಾಗಲೋ ಎಡವಿದ್ದಾರೆ.

ಇದನ್ನು ಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಮಾಡಿ ನೋಡೋಣ ಎನ್ನಿಸಬಹುದು. ಬೇಡ ಎಂದೇ ನನ್ನ ಮಾತು. ಮುಚ್ಚಿದ ಅಡುಗೆಮನೆಯಲ್ಲಿ ಆ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಆಸಿಡ್ ಬಾಟಲಿ ಮಕ್ಕಳ ಕೈಗೆ ಸಿಗುವ ಭಯ ಬೇರೆ. ಬಯಲಿನಲ್ಲಿ, ಗಾಳಿ ಬೀಸುವ ಕಡೆ ಬೆನ್ನು ಮಾಡಿ ಮಾಡುವ ಕೆಲಸ ಇದು. ಮಾಡುವವರಿಗೂ ಅಷ್ಟೇ, ಮೂಗಿಗೆ ಬಟ್ಟೆ, ಕೈಗೆ ಗವಸು ಇರಲಿ ಎಂದು ಕೆಲಸ ಕೊಡುವವರು ನೆನಪಿಸಿದರೆ ತಪ್ಪೇನಿಲ್ಲ.

ಈಗ ಮೇಲೆ ಬಿಟ್ಟ ಮಾತಿಗೆ ಬರುತ್ತೇನೆ. ಕಲಾಯಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುವುದು ಸೀಸ. ತವರ ದುಬಾರಿ. ನಮ್ಮ ದೇಶದಲ್ಲಿ ಛತ್ತೀಸಗಢದ ಬಸ್ತರ್ ಕಡೆ ಅಲ್ಪಸ್ವಲ್ಪ ಸಿಗುವುದು ಬಿಟ್ಟರೆ ಬಹುಪಾಲು ಹೊರಗಿನಿಂದ ಬರಬೇಕು, ಬೆಲೆ ತಾಮ್ರಕ್ಕಿಂತ ಎಷ್ಟೋ ಹೆಚ್ಚು. ಸೀಸ ಅಗ್ಗ. ತವರಕ್ಕೆ ಸೀಸ ಬೆರೆಸಿದರೆ ಮಿಶ್ರಣ ಇನ್ನೂ ಕಡಿಮೆ ಕಾವಿಗೆ, 183 ಡಿಗ್ರಿ ಸುಮಾರಿಗೇ ಕರಗತೊಡಗಿ ಸಲೀಸಾಗಿ ಹರಿಯುತ್ತದೆ, ಹೊಳಪೂ ಬರುತ್ತದೆ. ರೇಡಿಯೊ, ಟೀವಿ ರಿಪೇರಿಯ ಬೆಸುಗೆ ತಂತಿ ಬಹುಕಾಲ ಇದೇ ಮಿಶ್ರಣವಾಗಿತ್ತು. ಆ ತಂತಿಯಿಂದ ಅಡುಗೆ ಪಾತ್ರೆಗೆ ಕಲಾಯಿ ಹಾಕಿದರೆ ಪ್ರತಿ ಹುಳಿಸಾರಿನಲ್ಲೂ ಸೀಸ ಇಳಿಯುತ್ತದೆ. ಸೀಸದ ಮಟ್ಟಿಗೆ ‘ಇಷ್ಟಾದರೆ ತೊಂದರೆಯಿಲ್ಲ’ ಎಂಬ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಅದರ ಪೆಟ್ಟು ಹೆಚ್ಚು. ಶುದ್ಧ ತವರದ ಕಥೆ ಬೇರೆ. ಊಟದ ಜೊತೆ ಹೊಟ್ಟೆಗೆ ಹೋದ ತವರವನ್ನು ಮೈ ಹೀರಿಕೊಳ್ಳುವುದು ಬಹಳ ಕಡಿಮೆ, ಡಬ್ಬಿಯ ಆಹಾರದಲ್ಲಿ ಕಿಲೋಗೆ 250 ಮಿಲಿಗ್ರಾಂವರೆಗೆ ತವರವನ್ನು ನಿಯಮಗಳು ಒಪ್ಪುತ್ತವೆ. ಹೊಳಪು ನೋಡಿ ಮೆಚ್ಚುವುದಕ್ಕಿಂತ ಮೊದಲು ಕಡ್ಡಿ ಯಾವುದು ಎಂದು ಕೇಳಬೇಕಾದ್ದು ಇದಕ್ಕೇ.

ತವರವನ್ನು ಗುರುತಿಸುವ ಹಳೇ ಉಪಾಯಗಳಿವೆ. ಬೆರಳು ಗಾತ್ರದ ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಒಳಗಿನ ಹರಳುಗಳು ಸರಿದಾಡುವ ಕಿರ್ರ್ ಎಂಬ ಸದ್ದು ಕೇಳುತ್ತದೆ. ಸೀಸ ಮೂಕಾಗಿ ಬಗ್ಗುತ್ತದೆ. ಸೀಸ ಬೆರೆತಷ್ಟೂ ಸದ್ದು ಕುಗ್ಗುತ್ತದೆ. ಬಿಳಿ ಕಾಗದದ ಮೇಲೆ ಕಡ್ಡಿಯ ತುದಿ ಎಳೆದರೆ ಸೀಸ ಪೆನ್ಸಿಲಿನಂಥ ಬೂದು ಗೆರೆ ಬಿಡುತ್ತದೆ, ತವರ ಬಿಡುವುದಿಲ್ಲ. ತೂಕವೂ ಸುಳಿವು ಕೊಡುತ್ತದೆ. ಒಂದೇ ಗಾತ್ರದ ತುಂಡಾದರೆ ಸೀಸ ತವರದ ಒಂದೂವರೆ ಪಟ್ಟು ಭಾರ. ಇವು ಅರೆಬರೆ ಮಿಶ್ರಣವನ್ನು ಖಾತ್ರಿಯಾಗಿ ಹಿಡಿಯಲಾರವು, ಪೂರಾ ಮೋಸವನ್ನು ಹಿಡಿಯುತ್ತವೆ. ಖಾತ್ರಿ ಬೇಕಾದರೆ ಲೋಹದ ಅಂಗಡಿಯಿಂದ ಶುದ್ಧತೆಯ ಮುದ್ರೆಯಿರುವ ತವರವನ್ನು ಬಿಲ್ಲಿನ ಸಮೇತ ನೀವೇ ತಂದುಕೊಟ್ಟು, ಕೂಲಿ ಮಾತ್ರ ಕೊಡುವುದು ಒಳ್ಳೆಯ ದಾರಿ. ನಂಬಿಕೆಯ ಕಲಾಯಿಯವರು ಇದಕ್ಕೆ ಬೇಸರಿಸುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಕೊಟ್ಟುಬರುವವರು ಎಲ್ಲಿ, ಯಾರು ಹಾಕುತ್ತಾರೆಂದು ಕೇಳಿ, ಸಾಧ್ಯವಾದರೆ ಕಣ್ಣೆದುರೇ ಹಾಕಿಸಿ. ಊರೂರು ತಿರುಗುವವರು ಕಡಿಮೆಯಾಗಿದ್ದಾರೆ. ಇರುವವರಿಗೆ ಓಣಿಯ ನಾಲ್ಕಾರು ಮನೆಯವರು ಸೇರಿ ಪಾತ್ರೆ ಕೂಡಿಸಿಟ್ಟು ಕರೆಸಿದರೆ ಅವರಿಗೂ ಗಿಟ್ಟುತ್ತದೆ, ನಿಮಗೂ ನೋಡಿ ಹಾಕಿಸಿಕೊಳ್ಳಲು ಆಗುತ್ತದೆ.

ಕೈಗೆ ಬಂದ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿ. ಒರೆಸಿದ ಗೆರೆಗಳು, ಅಲ್ಲಲ್ಲಿ ತವರದ ಸಣ್ಣ ಅಲೆ ಇದ್ದರೆ ಕೊರತೆಯಲ್ಲ, ಕೈಕೆಲಸದ ಗುರುತು. ಸೂಜಿಮೊನೆಯಷ್ಟು ಹಳದಿ ಚುಕ್ಕೆ, ಕಪ್ಪು ಕಲೆ, ಮೂಲೆಯಲ್ಲಿ ಬಿಟ್ಟುಹೋದ ಜಾಗ ಇರಬಾರದು. ನವಸಾಗರದ ಉಪ್ಪು ಉಳಿದಿರುತ್ತದಾದ್ದರಿಂದ ಸೋಪಿನಲ್ಲಿ ತೊಳೆದು, ನೀರು ತುಂಬಿ ಕುದಿಸಿ, ಚೆಲ್ಲಿ, ಮೊದಲ ಅಡುಗೆಗೆ ಹುಳಿಯಿಲ್ಲದ್ದನ್ನೇ ಇಡಿ.

ಕಲಾಯಿಯ ಆಯುಸ್ಸು ಹಾಕಿದವರಿಗಿಂತ ಬಳಸುವವರ ಕೈಯಲ್ಲೇ ಹೆಚ್ಚಿದೆ. ನೀರಿರುವ ತನಕ ಪಾತ್ರೆಯ ಕಾವು 100 ಡಿಗ್ರಿಯ ಆಸುಪಾಸು, ತವರಕ್ಕೆ ಯಾವ ಅಪಾಯವೂ ಇಲ್ಲ. ಖಾಲಿ ಪಾತ್ರೆ ಉರಿಯ ಮೇಲಿಟ್ಟರೆ ಕೆಲವೇ ನಿಮಿಷದಲ್ಲಿ 232 ದಾಟುತ್ತದೆ, ಕಲಾಯಿ ಕರಗಿ ತಳದಲ್ಲಿ ಗುಳ್ಳೆಗುಳ್ಳೆಯಾಗುತ್ತದೆ. ಆದ್ದರಿಂದ ಮೊದಲು ನೀರು, ಆಮೇಲೆ ಬೆಂಕಿ. ಕರಿಯುವ ಎಣ್ಣೆ 180, 190 ಡಿಗ್ರಿಯಲ್ಲಿರುತ್ತದೆ, ಸ್ವಲ್ಪ ಹೊಗೆಯಾಡಿದರೆ ತವರದ ಗಡಿ ಮುಟ್ಟಿತು. ಮಿರ್ಚಿಯನ್ನು ಕಬ್ಬಿಣದ ಬಾಣಲೆಯಲ್ಲೇ ಕರಿಯಿರಿ, ಒಗ್ಗರಣೆಯನ್ನು ಬೇರೆ ಸವಟಿನಲ್ಲಿ ಕೊಟ್ಟು ಮೇಲೆ ಸುರಿಯಿರಿ. ದಾಸೋಹದವರು ಗಮನಿಸಬೇಕಾದ ಇನ್ನೊಂದು ಸಂಗತಿ ಉಂಟು. ಹೋಟೆಲಿನ ದೊಡ್ಡ ಗ್ಯಾಸ್ ಬರ್ನರಿನ ಉರಿ ಪಾತ್ರೆಯ ಪಕ್ಕಕ್ಕೆ ನುಗ್ಗಿ, ಒಳಗೆ ಸಾರಿನ ಮಟ್ಟಕ್ಕಿಂತ ಮೇಲಿರುವ ಒಣ ಭಾಗವನ್ನು ಕಾಯಿಸುತ್ತದೆ. ಎಷ್ಟೋ ಕೊಪ್ಪರಿಗೆಗಳಲ್ಲಿ ಕಲಾಯಿ ಮೊದಲು ಹೋಗುವುದು ಆ ಪಟ್ಟಿಯಲ್ಲಿ. ಉರಿ ತಳದೊಳಗೇ ಇರುವಂತೆ ಸಣ್ಣ ಮಾಡಿದರೆ ಸಾಕು.

ಸ್ಟೀಲ್ ಸವಟಿನ ಬದಲು ಮರದ ಹುಟ್ಟು ಬಳಸಿ. ತಿಕ್ಕಲು ಸ್ಟೀಲ್ ನಾರು, ಮರಳು, ಬೂದಿ ಬೇಡ, ತೆಂಗಿನ ನಾರು, ಮೆತ್ತನೆ ಬಟ್ಟೆ ಸಾಕು. ತಳ ಹತ್ತಿದ್ದರೆ ಕೆರೆಯುವುದು ಬೇಡ, ನೀರು ಹಾಕಿ ಚಮಚ ಅಡಿಗೆ ಸೋಡಾ ಉದುರಿಸಿ ಕುದಿಸಿದರೆ ತಾನೇ ಬಿಡುತ್ತದೆ. ಹುಳಿ ಪದಾರ್ಥ ಮಾಡಬಹುದು, ರಾತ್ರಿಯಿಡೀ ಅದರಲ್ಲೇ ಬಿಡಬಾರದು. ದಿನಾ ಬಳಸುವ ಬೋಗಾಣಿಗೆ ಹೀಗೆ ನೋಡಿಕೊಂಡರೆ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ, ವರ್ಷಕ್ಕೆ ನಾಲ್ಕು ಸಲ ಒಲೆ ಏರುವ ಕೊಪ್ಪರಿಗೆಗೆ ಕೆಲವು ವರ್ಷಕ್ಕೊಮ್ಮೆ ಕಲಾಯಿ ಬೇಕಾದೀತು. ಕ್ಯಾಲೆಂಡರಿಗಿಂತ ಕಣ್ಣು ನೋಡಿದ್ದೇ ಪ್ರಮಾಣ.

ಪಿಂಗಾಣಿ ಪಾತ್ರೆ, ಪಿಂಗಾಣಿ ಮುಚ್ಚಳಗಳಿಗೂ ಏನಾದರೂ ಉಪಾಯವಿದೆಯೇ ಎಂದು ಕೇಳುವವರಿದ್ದಾರೆ. ನೀಲಿ ಅಂಚಿನ ಬಿಳಿ ತಟ್ಟೆಗಳು, ಗ್ಯಾಸ್ ಒಲೆಯ ಮೇಲಿನ ಕಪ್ಪು ಜಾಲರಿ, ಓವನ್ನಿನ ತಟ್ಟೆ, ಪಟ್ಟಣದ ಹೋಟೆಲಿನವರು ಮಾರಿದ ಹಳೇ ಗ್ಯಾಸ್ ಗ್ರಿಲ್ಲಿನ ಮುಚ್ಚಳ ಎಲ್ಲ ಒಂದೇ ಜಾತಿ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಸವರಿ 800 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಕರಗಿಸಿ ಅಂಟಿಸಿದ್ದು. ಬಣ್ಣ ಗಾಜಿನೊಳಗೇ ಲೋಹದ ಆಕ್ಸೈಡುಗಳಾಗಿ ಬೆರೆತಿರುತ್ತದೆ, ನೀಲಿಗೆ ಕೋಬಾಲ್ಟ್ ಇದ್ದ ಹಾಗೆ. ಆದ್ದರಿಂದ ಬಿಸಿಲಿಗೆ ಮಾಸುವ ಬಣ್ಣವಲ್ಲ ಅದು. ಮಾಸಿದಂತೆ ಕಂಡರೆ ಒಂದೋ ಮೇಲೆ ಸುಟ್ಟ ಜಿಡ್ಡು, ಸುಣ್ಣದ ಪೊರೆ ಕಟ್ಟಿದೆ, ಇಲ್ಲವೇ ಹುಳಿ, ಉಜ್ಜುಪುಡಿಗಳಿಂದ ಗಾಜಿನ ಮೈ ಒರಟಾಗಿದೆ.

ಯಾವುದೆಂದು ತಿಳಿಯಲು ಜಿಡ್ಡು ತೊಳೆದು ಒಣಗಿಸಿ, ಮೇಲೆ ಒಂದು ಹನಿ ನೀರು ಸವರಿ. ಹಸಿ ಇರುವಷ್ಟು ಹೊತ್ತು ಬಣ್ಣ ಗಾಢವಾಗಿ ಮರಳಿ, ಒಣಗಿದೊಡನೆ ಮತ್ತೆ ಮಂಕಾದರೆ ಮೈ ಒರಟಾಗಿದೆ. ಹೊರಮೈಯಾದರೆ ಕಾರಿನ ಪಾಲಿಶ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ ಸ್ವಲ್ಪ ಮಟ್ಟಿಗೆ ತಿದ್ದಬಹುದು, ಅಡುಗೆ ತಾಕುವ ಒಳಮೈಗೆ ಅದು ಕೂಡದು. ಹಸಿಯಾದರೂ ಬಣ್ಣ ಬರದಿದ್ದರೆ ಪೊರೆ ಇನ್ನೂ ಇದೆ. ಅಡಿಗೆ ಸೋಡಾವನ್ನು ನೀರಲ್ಲಿ ಕಲಸಿ ದಪ್ಪಗೆ ಹಚ್ಚಿ ಒಂದು ರಾತ್ರಿ ಬಿಟ್ಟು ಪ್ಲಾಸ್ಟಿಕ್ ಚೂರಿನಿಂದ ಎಬ್ಬಿಸಿ. ಸುಣ್ಣಕ್ಕೆ ವಿನೆಗರ್ ಸವರಿ ಕೆಲವು ನಿಮಿಷದಲ್ಲೇ ತೊಳೆಯಿರಿ, ಹೆಚ್ಚು ಹೊತ್ತು ಬಿಟ್ಟರೆ ಗಾಜೇ ಒರಟಾದೀತು. ಕಾದ ಮುಚ್ಚಳಕ್ಕೆ ತಣ್ಣೀರು ಎರಚಬೇಡಿ, ಗಾಜು ಮತ್ತು ಉಕ್ಕು ಬೇರೆಬೇರೆ ವೇಗದಲ್ಲಿ ಕುಗ್ಗಿ ಪದರ ಸಿಡಿಯುತ್ತದೆ. ಸಿಡಿದು ಉಕ್ಕು ಕಂಡರೆ ಮತ್ತೆ ಹಾಕಲು ಕುಲುಮೆಯೇ ಬೇಕು, ಅದು ಊರಿನ ಕೆಲಸವಲ್ಲ. ಹೊರಗಿನ ಮಚ್ಚೆಗೆ ಕಾವು ತಡೆಯುವ ಬಣ್ಣ ಹಚ್ಚಿ ತುಕ್ಕು ತಡೆಯಬಹುದು, ಆದರೆ ನುಣುಪು ಗಾಜಿನ ಮೇಲೆ ಆ ಬಣ್ಣ ನಿಲ್ಲದು, ಬರಿ ಉಕ್ಕಿಗೆ ಮಾತ್ರ. ಒಳಗಡೆ ಪದರ ಎದ್ದ ಪಿಂಗಾಣಿ ಅಡುಗೆಯಿಂದ ನಿವೃತ್ತ. ಹಳೇ ಕೆಂಪು, ಹಳದಿ ಪಿಂಗಾಣಿಯಲ್ಲಿ ಕ್ಯಾಡ್ಮಿಯಂ ಇರುವುದುಂಟು, ಅವನ್ನು ಹೂಗಿಡಕ್ಕೆ ಬಿಡಿ.

ಕೊನೆಗೆ ಕಾಲದ ಮಾತು. ಈಗ ವಿಜಯನಗರ ಜಿಲ್ಲೆಯಲ್ಲಿರುವ ಈ ತಾಲ್ಲೂಕುಗಳಲ್ಲಿ ದೊಡ್ಡ ಅಡುಗೆ ಏಳುವುದು ಮಾಘದಲ್ಲಿ. ಭರತ ಹುಣ್ಣಿಮೆಯ ಸುತ್ತ ಮೈಲಾರದ ಕಾರಣಿಕದ ಜಾತ್ರೆ, ಫೆಬ್ರುವರಿ ಹೊತ್ತಿಗೆ ಕೊಟ್ಟೂರೇಶ್ವರನ ತೇರು, ಶಿವರಾತ್ರಿಗೆ ಕುರುವತ್ತಿ ಜಾತ್ರೆ ಒಂದರ ಹಿಂದೊಂದು ಬರುತ್ತವೆ. ಕೊಟ್ಟೂರಿಗೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ಊಟ, ಮಂಡಕ್ಕಿ, ಮಜ್ಜಿಗೆ ಹಂಚುವವರು ಸಂಕ್ರಾಂತಿಗೆ ಮುಂಚೆಯೇ ಗುಡಿಯ, ಸಂಘದ ಕೊಪ್ಪರಿಗೆಗಳನ್ನು ಹೊರಗೆ ತೆಗೆಸಿ ನೋಡಬೇಕು. ಜಾತ್ರೆ ಹತ್ತಿರ ಬಂದಮೇಲೆ ಹೋದರೆ ಕಲಾಯಿಯವರಿಗೂ ಪುರುಸೊತ್ತಿಲ್ಲ, ತೊಳೆಯುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕೊಪ್ಪರಿಗೆಯ ಹೊರಗೆ ಗುಡಿಯ ಹೆಸರು ಕೊರೆಸುವವರು ಪಕ್ಕದಲ್ಲೇ ಕಲಾಯಿ ಹಾಕಿಸಿದ ತಿಂಗಳು, ವರ್ಷವನ್ನೂ ಬಣ್ಣದಲ್ಲಿ ಬರೆಸಿದರೆ ಮುಂದಿನ ವರ್ಷ ಪಾತ್ರೆ ಇಳಿಸುವವರು ಯಾರನ್ನೂ ಕೇಳಬೇಕಾಗಿಲ್ಲ. ಬಾಡಿಗೆಗೆ ತರುವ ಪಾತ್ರೆಯಾದರೆ ಗಾಡಿಗೆ ಏರಿಸುವ ಮೊದಲು ಒಳಗೆ ಟಾರ್ಚ್ ಬಿಟ್ಟು ನೋಡಿ, ಹಳದಿ ಕಂಡದ್ದನ್ನು ನೀರು ಕಾಯಿಸಲು ಇಟ್ಟುಕೊಂಡು ಸಾರು, ಪುಳಿಯೋಗರೆಗೆ ಬೇರೆಯದನ್ನು ಕೇಳಿ ಪಡೆಯಿರಿ.